ಡಾಕ್ಟರ್ ಕಾನಿಶಾಯ್ ಆರಿಸಿದ್ದ ನಿಯತಕಾಲಿಕ

ಒಂದೇ ಮಗುವಿನ ಹೊಟ್ಟೆಯನ್ನು ಒಂದೇ ಕಾಯಿಲೆಗಾಗಿ ಮತ್ತೆ ಮತ್ತೆ ಕೊಯ್ಯುವುದನ್ನು ನೋಡದವರಿಗೆ ಈ ಬರಹದ ಸಿಟ್ಟು ಅತಿಯೆನಿಸಬಹುದು. ಅನಿಸಲಿ. ನಾನು ನೋಡಿದ್ದೇನೆ. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಕತ್ತರಿ, ಇಕ್ಕಳಗಳನ್ನು ಕೈಗೆ ಕೊಡುವ ದಾದಿಯಾಗಿ ನಿಂತು, ಮಾಯ್ದ ಗೆರೆಯ ಮೇಲೆಯೇ ಚಾಕು ಮರಳಿ ಇಳಿಯುವುದನ್ನು ನೋಡಿ ನೋಡಿ ನನ್ನ ಕೂದಲು ಬೆಳ್ಳಗಾಗಿದೆ.

ನಮ್ಮ ತಾಶ್-ಕೋರೋ ಕಣಿವೆಯಲ್ಲಿ ಈ ಕಾಯಿಲೆ ಕುರಿ ಸಾಕಣೆಯಷ್ಟೇ ಹಳೆಯದು. ಕುರಿ ಕೊಯ್ದಾಗ ಗುಳ್ಳೆಯೆದ್ದ ಯಕೃತ್ತು ಸಿಕ್ಕರೆ ನಮ್ಮವರು ಅದನ್ನು ನಾಯಿಗೆ ಎಸೆಯುತ್ತಾರೆ. ಗುಳ್ಳೆಯೊಳಗಿನ ಹುಳು ನಾಯಿಯ ಕರುಳನ್ನು ಸೇರುತ್ತದೆ. ಅದರ ಮೊಟ್ಟೆ ನಾಯಿಯ ತುಪ್ಪಳದಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ಕೆಲವು ವರ್ಷಗಳಾದ ಮೇಲೆ ಮಗುವಿನ ಯಕೃತ್ತಿನಲ್ಲಿ ನೀರು ತುಂಬಿದ ಚೀಲವೊಂದು ಬೆಳೆದು ನಿಂತಿರುತ್ತದೆ. ಅದನ್ನು ಕೊಯ್ದು ತೆಗೆಯಬೇಕು. ತೆಗೆಯುವಾಗ ಒಂದು ಹನಿ ಒಳಗೆ ಚೆಲ್ಲಿದರೂ ಆ ಹನಿಯಿಂದಲೇ ಹೊಸ ಚೀಲಗಳು ಹುಟ್ಟುತ್ತವೆ. ಮಗು ಮತ್ತೆ ಮೇಜಿನ ಮೇಲೆ ಬರುತ್ತದೆ.

ಕಾನಿಶಾಯ್ ಶರ್ಶೆಕೇವಾ ಶಸ್ತ್ರವೈದ್ಯೆಯಾಗಿ ನಮ್ಮ ಆಸ್ಪತ್ರೆಗೆ ಬಂದಾಗ ಕಣಿವೆಯ ಗಂಡಸರು ಹೆಂಗಸಿನ ಚಾಕುವಿಗೆ ಹೊಟ್ಟೆ ಒಡ್ಡಲು ಸಿದ್ಧರಿರಲಿಲ್ಲ. ಕುದುರೆ ಸಾಕುವವನೊಬ್ಬ ನೋವಿನಿಂದ ಮುದುಡಿ ಮಲಗಿದ್ದಾಗಲೂ ಕೇಳಿದ್ದ:

“ಗಂಡಸು ಡಾಕ್ಟರ್ ಯಾರೂ ಇಲ್ವಾ?”

“ಇದಾರೆ. ರಜದ ಮೇಲೆ ಹೋಗಿದಾರೆ,” ಎಂದಳು ಕಾನಿಶಾಯ್, ಕೈ ತೊಳೆಯುತ್ತಲೇ. “ನಿನ್ನ ಅಪೆಂಡಿಕ್ಸೂ ಸ್ವಲ್ಪ ದಿನ ರಜ ತಗೊಳ್ಳುತ್ತಾ ಕೇಳ್ನೋಡು.”

ಅವಳು ಹೆಚ್ಚು ಮಾತಿನವಳಲ್ಲ. ಆಡಿದ ಮಾತಿಗೆ ಹುಳಿ ಇರುತ್ತಿತ್ತು, ಕೆಲಸದಲ್ಲಿ ಹುಳುಕು ಇರುತ್ತಿರಲಿಲ್ಲ. ಬಂದ ಕೆಲವೇ ವರ್ಷಗಳಲ್ಲಿ ಅವಳು ಒಂದು ಸಂಗತಿಯನ್ನು ಗಮನಿಸಿದಳು. ವಿದೇಶದ ದತ್ತಿ ಸಂಸ್ಥೆಯೊಂದು ಆಗೀಗ ಕೊಟ್ಟು ಹೋಗುತ್ತಿದ್ದ ಹುಳುವಿನ ಮಾತ್ರೆಯನ್ನು ಕೊಯ್ಯುವುದಕ್ಕೆ ಮೊದಲೂ ಕೊಯ್ದ ಮೇಲೂ ತಿಂಗಳುಗಟ್ಟಲೆ ನುಂಗಿದ ಮಕ್ಕಳು ಮರಳಿ ಬರುತ್ತಿರಲಿಲ್ಲ. ಮಾತ್ರೆ ಮುಗಿದ ಕಾಲದಲ್ಲಿ ಬರಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಕ್ಕಳು ಬರುತ್ತಿದ್ದರು. ಬೇರೆಯವರಾಗಿದ್ದರೆ ಇದನ್ನು ಚಹಾದ ಹೊತ್ತಿನ ಮಾತಾಗಿ ಮರೆಯುತ್ತಿದ್ದರು. ಕಾನಿಶಾಯ್ ಪ್ರತಿ ಬೇಸಿಗೆಯಲ್ಲೂ ಸಣ್ಣ ಸ್ಕ್ಯಾನ್ ಯಂತ್ರವನ್ನು ಜೀನಿನ ಚೀಲದಲ್ಲಿಟ್ಟುಕೊಂಡು, ಕುದುರೆಯೇರಿ, ಕುರಿಮಂದೆಗಳು ಹತ್ತಿಹೋದ ಎತ್ತರದ ಹುಲ್ಲುಗಾವಲುಗಳಿಗೆ ಹೋದಳು. ಗುಡಾರದಿಂದ ಗುಡಾರಕ್ಕೆ ಅಲೆದು ತಾನು ಕೊಯ್ದ ಒಂದೊಂದು ಮಗುವಿನ ಹೊಟ್ಟೆಯನ್ನೂ ಮತ್ತೆ ನೋಡಿದಳು. ಹಲವು ಬೇಸಿಗೆಗಳು ಹೀಗೆ ಕಳೆದವು. ಅವುಗಳಲ್ಲಿ ಕೆಲವಕ್ಕೆ ನಾನೂ ಜೊತೆಗಿದ್ದೆ.

ಅವಳಿಗೆ ಬೇಕಾಗಿದ್ದುದು ಇಷ್ಟೆ: ಶಸ್ತ್ರಚಿಕಿತ್ಸೆಯಾದ ಪ್ರತಿ ಮಗುವಿಗೂ ಆ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡಬೇಕು. ಕುರುಬನ ಮನೆಯವರು ಒಂದು ವಾರ ಕೊಂಡು ತಿನ್ನಿಸುತ್ತಾರೆ, ಮಗು ಓಡಾಡತೊಡಗಿದೊಡನೆ ನಿಲ್ಲಿಸುತ್ತಾರೆ. ರಾಜಧಾನಿಯ ಔಷಧ ಸಮಿತಿಯವರು ಅವಳ ಅರ್ಜಿಗೆ ಕೊಟ್ಟ ಉತ್ತರ ನೇರವಾಗಿತ್ತು. ಅಂತರರಾಷ್ಟ್ರೀಯ ಸೂಚಿಯಲ್ಲಿರುವ, ಅಂದರೆ ನಂಬಬಹುದೆಂದು ಪರೀಕ್ಷಿಸಿ ಪಟ್ಟಿ ಮಾಡಿದ, ಒಳ್ಳೆಯ ವೈದ್ಯಕೀಯ ನಿಯತಕಾಲಿಕದಲ್ಲಿ ಇದನ್ನು ಅಚ್ಚು ಮಾಡಿಸಿ ತನ್ನಿ. ಹೊರಗಿನವರು ಪರೀಕ್ಷಿಸಿ ಒಪ್ಪಿದ್ದನ್ನು ನಾವೂ ಒಪ್ಪುತ್ತೇವೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕಾನಿಶಾಯ್ ಕೂಡ ತಪ್ಪೆನ್ನಲಿಲ್ಲ. ಬರೆಯಲು ಕೂತಳು.

ಬರೆದದ್ದನ್ನು ಎಲ್ಲಿಗೆ ಕಳಿಸಬೇಕೆಂದು ಅವಳು ವಿಚಾರಿಸಿದಂತೆ ನಮ್ಮಲ್ಲಿ ಹೆಣ್ಣು ಕೊಡುವವರೂ ಗಂಡಿನ ಮನೆಯನ್ನು ವಿಚಾರಿಸುವುದಿಲ್ಲ. ತಾನು ಓದಿ ನಂಬಿದ ಲೇಖನಗಳು ಎಲ್ಲಿ ಅಚ್ಚಾಗಿವೆಯೆಂದು ಮೊದಲು ನೋಡಿದಳು. ನಿಯತಕಾಲಿಕ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಪಕ್ಕಕ್ಕಿಟ್ಟು, ಸೂಚಿಯನ್ನು ನಡೆಸುವವರ ಪಟ್ಟಿಯಲ್ಲಿ ಅದರ ಹೆಸರು ಈ ವರ್ಷವೂ ಉಳಿದಿದೆಯೇ ಎಂದು ಹುಡುಕಿದಳು. ಸಂಪಾದಕ ಮಂಡಳಿಯ ಇಬ್ಬರಿಗೆ ಬರೆದು, ಅಂಥ ಮನುಷ್ಯರು ನಿಜವಾಗಿ ಇದ್ದಾರೆಂದೂ ತಮ್ಮ ಹೆಸರು ಅಲ್ಲಿರುವುದು ಅವರಿಗೆ ತಿಳಿದಿದೆಯೆಂದೂ ಖಚಿತಪಡಿಸಿಕೊಂಡಳು. ಕೊನೆಗೆ ಹುಳುಗಳಿಂದ ಬರುವ ಕಾಯಿಲೆಗಳನ್ನಷ್ಟೇ ಅಚ್ಚು ಮಾಡುವ, ಯುರೋಪಿನ ಒಂದು ಹಳೆಯ ನಿಯತಕಾಲಿಕದ ಮೇಲೆ ಬೆರಳಿಟ್ಟಳು.

“ಇದು ನಿಧಾನ, ಎಜೆ,” ಎಂದಳು ನನಗೆ. ನಾನು ಹಿರಿಯಳಾದ್ದರಿಂದ ಆಸ್ಪತ್ರೆಯ ಎಲ್ಲರಿಗೂ ಅನಾರ್ಕುಲ್ ಎಜೆ, ಅಕ್ಕ. “ವರ್ಷಾನೇ ಹಿಡೀಬಹುದು. ಪ್ರಶ್ನೆ ಕೇಳ್ತಾರೆ, ವಾಪಸ್ ಕಳಿಸ್ತಾರೆ, ಮತ್ತೆ ಬರೀಬೇಕು.”

“ಬೇಗ ಅಚ್ಚು ಹಾಕೋವು ಯಾವೂ ಇಲ್ವಾ?”

“ಇದಾವೆ. ಇವತ್ತು ಕಳಿಸಿದ್ರೆ ನಾಳೆ ಹಾಕ್ತಾರೆ. ನಾನು ಹೊಟ್ಟೆ ಕೊಯ್ದು, ಒಳಗೇನಿದೆ ಅಂತ ನೋಡ್ದೇನೇ ಹೊಲಿದು ಕಳಿಸಿದ್ರೆ ನೀವು ಸುಮ್ಮನಿರ್ತೀರಾ?”

“ಕೈಯಲ್ಲಿರೋ ಇಕ್ಕಳಾನೇ ಎಸೀತೀನಿ ನಿನ್ ಮೇಲೆ.”

“ಅದಕ್ಕೇ ನಿಧಾನದ್ದು.”

ಕಳಿಸುವ ಮೊದಲು ಅವಳು ಅದರ ಒಂದು ಪ್ರತಿಯನ್ನು ತನ್ನ ಗುರುವಿಗೆ ಒಪ್ಪಿಸಿದಳು. ಹಾಗೆ ಮಾಡುವುದು ನಮ್ಮಲ್ಲಿ ರೂಢಿ. ಮಾಡದಿದ್ದರೆ ಕೊಬ್ಬು ಎನ್ನುತ್ತಾರೆ. ಗುರುವೆಂದರೆ ರಾಜಧಾನಿಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು, ಪ್ರೊಫೆಸರ್ ತೆಮಿರ್ಕಾನ್ ಅಗಾಯ್; ಅಗಾಯ್ ಎಂದರೆ ಮೇಷ್ಟ್ರು. ಅವರ ಬಗ್ಗೆ ಒಂದು ಮಾತನ್ನು ಸುಳ್ಳಾಡದೆ ಹೇಳಬೇಕು. ಹೆಣ್ಣುಮಗಳಿಗೆ ಯಕೃತ್ತಿನ ಶಸ್ತ್ರಚಿಕಿತ್ಸೆ ಕಲಿಸಲು ಬೇರೆಲ್ಲರೂ ನಕ್ಕು ನಿರಾಕರಿಸಿದ್ದಾಗ ಅವಳ ಕೈಗೆ ಚಾಕು ಕೊಟ್ಟವರು ಅವರು. ಅವರ ಬೆರಳುಗಳು ಮುಟ್ಟಿಯೇ ಒಳಗಿನ ಕಲ್ಲನ್ನು ಹೇಳುತ್ತಿದ್ದವು. ಅಂಥವರು ಕುರುಡರಾಗಿದ್ದರೆ ಕ್ಷಮಿಸಬಹುದಿತ್ತು.

ಆ ಬೇಸಿಗೆಯ ಕೊನೆಯಲ್ಲಿ ಅಗಾಯ್ ನಮ್ಮ ಕಣಿವೆಗೆ ಬಂದರು. ಜೊತೆಯಲ್ಲಿ ಅವರ ವಿಭಾಗದ ಕಿರಿಯ ಅಧ್ಯಾಪಕ ಮಿರ್ಲಾನ್ ಇದ್ದ. ಇಸ್ತ್ರಿ ಮಾಡಿದ ನಗು, ಎರಡು ಫೋನು. ನಮ್ಮ ಆಸ್ಪತ್ರೆಯ ಮುಖ್ಯಾಧಿಕಾರಿ ಓರೋಜ್‌ಬೈ ತನ್ನ ಮನೆಯಲ್ಲಿ ಔತಣ ಇಟ್ಟು ಕುರಿ ಕೊಯ್ಯಿಸಿದ. ಅಗಾಯ್ ಬಾಗಿಲಿಗೆದುರಾದ ಹಿರಿಯರ ಜಾಗದಲ್ಲಿ ಕೂತರು. ಬೇಯಿಸಿದ ಕುರಿಯ ತಲೆಯನ್ನು ಅವರ ಮುಂದೆ ಇಡಲಾಯಿತು. ಕಾನಿಶಾಯ್ ಬಾಗಿಲ ಬಳಿ, ಕಿರಿಯ ಹೆಂಗಸರು ಕೂರುವಲ್ಲಿ ಕೂತು ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು. ನಾನು ಅಂಗಳದ ಕಡಾಯಿಯ ಬಳಿ ಹಿಟ್ಟಿನ ಹಾಳೆಗಳನ್ನು ಕತ್ತರಿಸಿ ಸಾರಿಗೆ ಹಾಕುತ್ತಿದ್ದೆ.

ಕುರಿ ಕೊಯ್ದವನು ಓರೋಜ್‌ಬೈಯ ಭಾವಮೈದ. ಅವನು ಒಂದು ಕೈಯಲ್ಲಿ ಯಕೃತ್ತನ್ನು ಎತ್ತಿ ಹಿಡಿದು ನೋಡಿ, “ಥೂ, ಗುಳ್ಳೆ,” ಎಂದು ಬೇಲಿಯ ಕಡೆ ಬೀಸಿದ. ನಾಯಿ ಗಾಳಿಯಲ್ಲೇ ಹಿಡಿಯಿತು.

ತೆರೆದ ಬಾಗಿಲಿನಿಂದ ಇದನ್ನು ಕಂಡ ಕಾನಿಶಾಯ್ ಚಹಾದ ಪಾತ್ರೆಯನ್ನು ನೆಲಕ್ಕಿಟ್ಟು ಹೊರಗೆ ಬಂದಳು. ಸಲಿಕೆ ಹಿಡಿದು ನಾಯಿಯನ್ನು ಗೋಡೆಗೆ ಒತ್ತಿ, ಬಾಯಿಂದ ಆ ಮಾಂಸವನ್ನು ಬಿಡಿಸಿದಳು. ನಾಯಿಗಿಂತ ಭಾವಮೈದನೇ ಹೆಚ್ಚು ಬೊಗಳಿದ.

“ಏನಮ್ಮ ಇದು? ನಾಯಿ ಹೊಟ್ಟೆ ಮೇಲೂ ಡಾಕ್ಟರಿಕೆನಾ?”

“ನಿನ್ನ ಮಗನ ಹೊಟ್ಟೆ ಮೇಲೆ ಬೇಡ ಅಂತ. ಸೀಮೆಎಣ್ಣೆ ಎಲ್ಲಿದೆ?”

ಅವಳು ಗುಂಡಿ ತೋಡಿದಳು, ನಾನು ಸೀಮೆಎಣ್ಣೆ ತಂದು ಸುರಿದೆ. ಸುಟ್ಟು, ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಇಬ್ಬರೂ ಒಳಗೆ ಹೆಜ್ಜೆಯಿಟ್ಟೆವು. ಒಳಗೆ ಎಲ್ಲರ ಅಂಗೈಗಳೂ ಮೇಲೆದ್ದಿದ್ದವು. ಅಗಾಯ್ ಬಾತಾ ಕೊಡುತ್ತಿದ್ದರು, ಅಂದರೆ ಹಿರಿಯರ ಆಶೀರ್ವಾದ, ಹರಕೆ. ಅದರ ಕೊನೆಯ ಮಾತುಗಳು ಮಾತ್ರ ನಮ್ಮ ಕಿವಿಗೆ ಬಿದ್ದವು: “...ದಾರಿ ತೆರೆದಿರಲಿ, ಹೆಸರು ಬೆಳಗಲಿ.” ಬಾತಾ ನಡೆಯುವಾಗ ಬಂದವರು ನಿಂತಲ್ಲೇ ಕೈಯೆತ್ತಬೇಕು. ಎತ್ತಿದೆವು. ಎಲ್ಲರೊಡನೆ “ಓಮಿನ್”, ಹಾಗೇ ಆಗಲಿ, ಎಂದು ಮುಖ ಸವರಿಕೊಂಡೆವು.

ಕೂತ ಮೇಲೆ ಕಾನಿಶಾಯ್ ಓರೋಜ್‌ಬೈಯ ಹೆಂಡತಿಯನ್ನು ಮೆಲ್ಲಗೆ ಕೇಳಿದಳು:

“ಯಾವುದಕ್ಕೆ ಬಾತಾ ಆಗಿದ್ದು?”

“ನಿನ್ ಬರಹಕ್ಕೇ ಕಣೆ, ಪುಣ್ಯವಂತೆ! ಅಗಾಯ್ ತಾವೇ ಕಳಿಸ್ತಾರಂತೆ. ಇನ್ನೇನು, ಅಚ್ಚಾದ ಹಾಗೇ.”

ಕಾನಿಶಾಯ್ ಅಗಾಯ್ ಕಡೆ ತಿರುಗಿದಳು. ಅವಳು ಬಾಗಿಲ ಬಳಿಯಿಂದಲೇ ಕೇಳಿದಳು:

“ಅಗಾಯ್, ಎಲ್ಲಿಗೆ ಕಳಿಸ್ತಿದೀರಿ?”

ಉತ್ತರ ಕೊಟ್ಟವನು ಮಿರ್ಲಾನ್. “ಹರಕೆ ಆದ್ಮೇಲೆ ಕುದುರೆ ಯಾವ ಬಣ್ಣದ್ದು ಅಂತ ಕೇಳ್ತಾರಾ, ಎಜೆ? ಹತ್ತಿ ಕೂತ್ಕೊಳ್ಳಿ ಸುಮ್ನೆ.”

ಎಲ್ಲರೂ ನಕ್ಕರು. ಅಗಾಯ್ ಕುರಿಯ ಕಿವಿಯನ್ನು ಕತ್ತರಿಸಿ ಓರೋಜ್‌ಬೈಯ ಕಿರಿಯ ಮಗಳಿಗೆ ಕೊಡುತ್ತಾ, “ಸೂಚಿಯಲ್ಲಿರೋದೇ ಮಗಳೇ. ಮಿರ್ಲಾನ್ ನೋಡ್ಕೋತಾನೆ,” ಎಂದರು.

ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರ ಬಾತಾ ಬೇಡವೆನ್ನುವುದು ಅವರ ಮುಖಕ್ಕೆ ಬಾಗಿಲು ಹಾಕಿದಂತೆ. ಕೈಯೆತ್ತಿ ಓಮಿನ್ ಎಂದು ಆಮೇಲೆ ಹಿಂದೆಗೆಯುವುದು ಅದಕ್ಕಿಂತಲೂ ಹೀನ. ಲೋಕದ ಬೇರೆಲ್ಲಾದರೂ ಒಂದು ಸಂಶೋಧನಾ ಲೇಖನ ಎಲ್ಲಿ ಅಚ್ಚಾಗಬೇಕೆಂಬುದನ್ನು ಬರೆದವರು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಅದು ಬೆಂದ ಕುರಿಯ ತಲೆಯ ಮುಂದೆ ತೀರ್ಮಾನವಾಯಿತು. ಬರೆದವಳು ಆಗ ಅಂಗಳದಲ್ಲಿ ಮಣ್ಣು ಮುಚ್ಚುತ್ತಿದ್ದಳು.

ವಾರ ಕಳೆಯುವುದರೊಳಗೆ ಮಿರ್ಲಾನ್ ಫೋನಿಗೆ ಸಂದೇಶ ಕಳಿಸಿದ: ಲೇಖನ ಒಪ್ಪಿಗೆಯಾಗಿದೆ. ಜೊತೆಗಿದ್ದ ಸಂಪಾದಕರ ಪತ್ರದಲ್ಲಿ ‘ಅಮೂಲ್ಯ’, ‘ಅಪೂರ್ವ’ ಎಂಬ ಮಾತುಗಳಿದ್ದವು. ಪ್ರಶ್ನೆ ಮಾತ್ರ ಒಂದೂ ಇರಲಿಲ್ಲ. ಲೇಖಕರ ಹೆಸರುಗಳಲ್ಲಿ ಮೊದಲು ಅಗಾಯ್, ಆಮೇಲೆ ಮಿರ್ಲಾನ್, ಆಮೇಲೆ ದಂತವೈದ್ಯನಾದ ಅಗಾಯ್‌ರ ಅಳಿಯ, ಕೊನೆಯಲ್ಲಿ ಕಾನಿಶಾಯ್.

“ಹಲ್ಲಿನ ಡಾಕ್ಟರ್ ಲಿವರ್‌ವರೆಗೂ ಇಳಿದ್ಬಿಟ್ರು ನೋಡಿ, ಎಜೆ,” ಎಂದಳು. “ಬಾಯಿಂದ ದಾರಿ ಇದ್ದೇ ಇದೆ.”

ಹೆಸರಿನ ವಿಷಯ ಅವಳಿಗೆ ಅಷ್ಟೇ ಆಗಿತ್ತು, ಒಂದು ನಗೆ. ನಗೆ ನಿಂತದ್ದು ಆ ನಿಯತಕಾಲಿಕದ ಹಿಂದಿನ ಸಂಚಿಕೆಗಳನ್ನು ತೆರೆದಾಗ. ಹತ್ತಿ ಬಿಡಿಸುವ ಯಂತ್ರ, ಸೇತುವೆಯ ತುಕ್ಕು, ವಿಚ್ಛೇದನದ ಕಾನೂನು, ಮಕ್ಕಳಿಗೆ ಕತೆ ಹೇಳುವ ವಿಧಾನ, ನಡುವೆ ಒಂದು ಪಿತ್ತದ ಕಲ್ಲು: ಎಲ್ಲವೂ ಒಂದೇ ರಟ್ಟಿನೊಳಗೆ. ಪುಟದ ನೆತ್ತಿಯಲ್ಲಿ ಅಂತರರಾಷ್ಟ್ರೀಯ ಸೂಚಿಯ ಮುದ್ರೆ ಹೊಳೆಯುತ್ತಿತ್ತು. ಕಾನಿಶಾಯ್ ಸೂಚಿಯವರ ಪಟ್ಟಿಯಲ್ಲೇ ಹುಡುಕಿದಳು. ಆ ಹೆಸರು ಅಲ್ಲಿ ಒಂದು ಕಾಲದಲ್ಲಿ ಇತ್ತು. ಮೋಸ ಕಂಡುಬಂದು ಬಹಳ ಹಿಂದೆಯೇ ತೆಗೆದುಹಾಕಿದ್ದರು.

ಅವಳು ನೇರವಾಗಿ ಓರೋಜ್‌ಬೈಯ ಕೋಣೆಗೆ ಹೋದಳು. ಅವನು ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ.

“ನಿನಗೇನಮ್ಮ ನಷ್ಟ?” ಎಂದ. “ಅಚ್ಚಾಗುತ್ತೆ, ನಿನ್ನ ಹೆಸರೂ ಇರುತ್ತೆ. ಶರತ್ಕಾಲದಲ್ಲಿ ಅಗಾಯ್ ಪದವೀಲಿ ಉಳೀತಾರಾ ಅಂತ ಮರುಪರೀಕ್ಷೆ ಇದೆ, ಅವರಿಗೊಂದು ಲೇಖನ ಬೇಕು. ಹಿರಿಯರಿಗೆ ಒಂದು ಉಪಕಾರ ಅಂದ್ಕೋ.”

“ಬೈಕೆ, ಅಣ್ಣಾ, ನನ್ನ ಕುದುರೆ ಕೇಳಿ, ಕೊಡ್ತೀನಿ. ಇದು ನನ್ನದಲ್ಲ.”

“ಮತ್ತೆ ಯಾರದ್ದು?”

“ಹೊಟ್ಟೆ ಕೊಟ್ಟವರದ್ದು.”

“ನೀನು ಓಮಿನ್ ಅಂದೆಯಲ್ಲೇ! ನಾನೇ ನೋಡಿದೀನಿ.”

ಆಸ್ಪತ್ರೆಯಲ್ಲಿ ಮುಂದಿನ ದಿನಗಳಲ್ಲಿ ಯಾರ ಬಾಯಲ್ಲಿ ಕೇಳಿದರೂ ಇದೇ ಮಾತು. ಲೇಖನ ಕಸದ ಬುಟ್ಟಿಗೆ ಬೀಳುತ್ತಿದೆಯೆಂಬುದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಓಮಿನ್ ಎಂದವಳು ತಿರುಗಿಬಿದ್ದಳೆಂಬುದೇ ದೊಡ್ಡದಾಗಿತ್ತು. ನಾನು ಕೆಲಸದ ಪಾಳಿ ಮುಗಿಸಿ ಸಂಜೆಯ ತರಗತಿಗಳಲ್ಲಿ ಕೂತು, ತೂಕಡಿಸುವ ಕಣ್ಣಿಗೆ ನೀರು ಹಾಕಿಕೊಂಡು ಅಕ್ಷರ ಕಲಿತವಳು. ಅಚ್ಚಾದ ಮಾತು ಸತ್ಯವೆಂದು ನಂಬಿ ಕಲಿತವಳು. ಕಲಿಸುವ ಪೀಠದಲ್ಲಿ ಕೂತವರೇ ಅದನ್ನು ಸಂತೆಯ ಸರಕು ಮಾಡಿದರೆ, ಅವರ ನೆರೆಗೂದಲನ್ನು ನೋಡಿ ನಾನು ಮೆತ್ತಗಾಗಲಾರೆ.

ಆಸ್ಪತ್ರೆಯ ವಾಹನ ಹೊಲಿಗೆಯ ನೂಲು, ಅರಿವಳಿಕೆ ಔಷಧ ತರಲು ರಾಜಧಾನಿಗೆ ಹೊರಟಾಗ ನಾವಿಬ್ಬರೂ ಹತ್ತಿದೆವು. ದೋಲೋನ್ ಕಣಿವೆದಾರಿಯಲ್ಲಿ ಆಗಲೇ ಮಂಜು ಬಿದ್ದಿತ್ತು.

ಅಗಾಯ್ ತಮ್ಮ ಕೋಣೆಯಲ್ಲಿ ಎದ್ದು ನಿಂತು ಬರಮಾಡಿಕೊಂಡರು. ರೊಟ್ಟಿ ಮುರಿದು ಮುಂದಿಟ್ಟರು, ಚಹಾ ತರಿಸಿದರು. ಮಿರ್ಲಾನ್ ಕಿಟಕಿಗೆ ಒರಗಿ ಫೋನು ಒತ್ತುತ್ತಿದ್ದ.

“ಹೇಳು ಮಗಳೇ. ದಾರಿ ಹೇಗಿತ್ತು?”

“ಅಗಾಯ್, ಆ ಜರ್ನಲ್ ಸೂಚಿಯಲ್ಲಿಲ್ಲ. ತೆಗೆದುಹಾಕಿ ತುಂಬಾ ಕಾಲ ಆಯ್ತು.”

“ಯಾರ್ ಹೇಳಿದ್ದು?” ಎಂದ ಮಿರ್ಲಾನ್. “ಅವರ ಪುಟದಲ್ಲೇ ಮುದ್ರೆ ಇದೆಯಲ್ಲ.”

“ಮುದ್ರೆ ಅವರೇ ಒತ್ಕೊಂಡಿರೋದು. ನಾನು ಹಣೆ ಮೇಲೆ ಪ್ರೊಫೆಸರ್ ಅಂತ ಬರ್ಕೊಂಡ್ರೆ ಇವತ್ತಿಂದ ನೀನು ನನಗೆ ಎದ್ದು ನಿಲ್ತೀಯಾ?”

ಅವಳು ಸೂಚಿಯವರ ಪಟ್ಟಿಯನ್ನು ತೆರೆದು ಅಗಾಯ್ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತು. ಪೂರ್ತಿಯಾಗಿ ಅರ್ಥವಾಯಿತು. ನನ್ನ ಸಿಟ್ಟಿಗೆ ಬೇರೆ ಕಾರಣ ಬೇಕಿಲ್ಲ. ಅವರು ಕನ್ನಡಕ ತೆಗೆದು ಮಡಚಿ, ಮಿರ್ಲಾನನಿಗೆ ಒಂದು ಬೈಗುಳವನ್ನೂ ಆಡದೆ, ಹೀಗೆಂದರು:

“ನನ್ನ ಪರೀಕ್ಷೆ ಮಾಡೋ ಆಯೋಗದವರು ಹಳೇ ಪಟ್ಟೀನೇ ನೋಡೋದು. ಶರತ್ಕಾಲ ಕಳೀಲಿ. ಆಮೇಲೆ ನಿನಗೆ ಬೇಕಾದ ಕಡೆ ಇನ್ನೊಂದ್ಸಲ ಹಾಕ್ಸು.”

“ಒಂದ್ಸಲ ಅಚ್ಚಾಗಿದ್ದನ್ನ ಮರ್ಯಾದಸ್ತರು ಯಾರೂ ಇನ್ನೊಂದ್ಸಲ ತಗೊಳ್ಳಲ್ಲ. ಇದನ್ನ ನನಗೆ ಕಲಿಸಿದೋರು ನೀವೇ. ಔಷಧ ಸಮಿತಿಯೋರು ಹಳೇ ಪಟ್ಟಿ ನೋಡಲ್ಲ, ಅಗಾಯ್. ಅವರು ನಮ್ಮ ಲೇಖನ ಮೂಸಿ ಕೂಡ ನೋಡಲ್ಲ.”

“ಸಮಿತಿಗೆ ನಾನೊಂದು ಮಾತು ಹೇಳ್ತೀನಿ.”

“ಮಾತಲ್ಲಿ ಆಗೋ ಹಾಗಿದ್ರೆ ನಾನು ಇಷ್ಟು ಬೇಸಿಗೆ ಕುದುರೆ ಮೇಲೆ ಕೂರ್ತಿರಲಿಲ್ಲ. ಇನ್ನೂ ಅಚ್ಚಾಗಿಲ್ಲ. ಲೇಖಕರೆಲ್ಲರೂ ಒಪ್ಪಿದ್ರೆ ವಾಪಸ್ ತಗೋಬಹುದು. ಮೊದಲ ಹೆಸರು ನಿಮ್ಮದು. ನೀವು ಬೇಡ ಅಂತ ಬರೆದ್ರೆ ಸಾಕು.”

ಅಗಾಯ್ ಚಹಾದ ಬಟ್ಟಲನ್ನು ತಿರುಗಿಸುತ್ತಾ ಕೂತರು.

“ನೀನು ಕೈಯೆತ್ತಿ ಓಮಿನ್ ಅಂದೆ.”

“ಅಂದೆ. ಯಾವುದಕ್ಕೆ ಅಂತ ಕೇಳದೆ ಅಂದೆ, ಅದು ನನ್ನ ತಪ್ಪು. ನಾನು ಅಂಗಳದಲ್ಲಿ ಗುಂಡಿ ತೋಡ್ತಿದ್ದೆ. ನಿಮ್ಮ ಊಟಕ್ಕೆ ಕೊಯ್ದ ಕುರಿಯ ಲಿವರ್ ನಾಯಿ ಬಾಯಲ್ಲಿತ್ತು. ಒಳಗೆ ಅದೇ ಕಾಯಿಲೆ ಬರಹಕ್ಕೆ ನೀವು ಹರಸ್ತಾ ಇದ್ರಿ. ಬಾಗಿಲು ತೆರೆದೇ ಇತ್ತು, ಅಗಾಯ್. ನಿಮಗೆ ಕಾಣ್ಲಿಲ್ವಾ?”

ಮಿರ್ಲಾನ್ ಕಿಸಕ್ಕನೆ ನಕ್ಕ. “ಕುರೀನೂ ಲೇಖಕರ ಪಟ್ಟಿಗೆ ಸೇರಿಸೋಣ್ವಾ, ಎಜೆ?”

“ಸೇರಿಸು. ನಿನಗಿಂತ ಜಾಸ್ತಿ ಕೊಟ್ಟಿದೆ ಅದು.”

ಆಮೇಲೆ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಅಗಾಯ್ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. ಹರಸುವಾಗ ಅಂಗೈ ಮೇಲಿರುತ್ತದೆ. ಅವರು ಅಂಗೈಯನ್ನು ಕೆಳಗೆ ತಿರುಗಿಸಿದರು. ಅದು ಹರಕೆಯನ್ನು ಹಿಂದಕ್ಕೆ ಪಡೆಯುವ ರೀತಿ. ಶಾಪ ಎನ್ನುವವರೂ ಉಂಟು. ಆಮೇಲೆ ಕೈಗಳನ್ನು ತೊಡೆಯ ಮೇಲೆ ಬಿಟ್ಟರು. ಕಿಟಕಿಯ ಬಳಿ ಮಿರ್ಲಾನನ ನಗೆಯೂ ಇಂಗಿಹೋಯಿತು. ನಮ್ಮಲ್ಲಿ ಮಗನಿಗೂ ಯಾರೂ ಹಾಗೆ ಕೈ ತಿರುಗಿಸುವುದಿಲ್ಲ. ಅವರು ತಾವೇ ತಯಾರು ಮಾಡಿದ ಶಿಷ್ಯೆಗೆ, ತಮ್ಮದೇ ಸುಳ್ಳನ್ನು ಉಳಿಸಿಕೊಳ್ಳಲು, ತಿರುಗಿಸಿದರು.

ಕಾನಿಶಾಯ್ ಎದ್ದಳು. ಏಳುವ ಮೊದಲು ಅವರು ಮುರಿದಿಟ್ಟ ರೊಟ್ಟಿಯಿಂದ ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡಳು. ಅನ್ನವನ್ನು ಅವಮಾನಿಸಿ ಎದ್ದಳೆಂಬ ಮಾತು ಬರಬಾರದೆಂದು. ನಾನು ಅದನ್ನೂ ಮಾಡಲಿಲ್ಲ.

ಲೇಖನ ಅಚ್ಚಾಯಿತು. ಅವಳೊಬ್ಬಳೇ ಬೇಡವೆಂದು ಬರೆದದ್ದಕ್ಕೆ ಆ ಕಡೆಯಿಂದ ಉತ್ತರವೇ ಬರಲಿಲ್ಲ. ಅಗಾಯ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಔತಣ ಜೋರಾಗಿತ್ತೆಂದು ಕೇಳಿದ್ದೇನೆ. ಔಷಧ ಸಮಿತಿ, ಸೂಚಿಯಲ್ಲಿಲ್ಲದ ನಿಯತಕಾಲಿಕವನ್ನು ಪರಿಗಣಿಸುವುದಿಲ್ಲವೆಂದು ಒಂದೇ ಸಾಲಿನಲ್ಲಿ ತಿಳಿಸಿತು.

ಕಾನಿಶಾಯ್ ತಾನು ಮೊದಲು ಆರಿಸಿದ್ದ ಆ ನಿಧಾನದ ನಿಯತಕಾಲಿಕದ ಸಂಪಾದಕರಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಳು. ಅವರ ಉತ್ತರ ಸೌಜನ್ಯದಿಂದ ಕೂಡಿತ್ತು, ಸಡಿಲವಾಗಿರಲಿಲ್ಲ. ಒಮ್ಮೆ ಅಚ್ಚಾದ ಮಾಹಿತಿಯನ್ನು, ಉಳಿದ ಲೇಖಕರು ಹಿಂದಕ್ಕೆ ಪಡೆಯದ ಹೊರತು, ತಾವು ಮುಟ್ಟಲಾರೆವು. ಹೊಸ ಮಕ್ಕಳನ್ನು ಅಷ್ಟೇ ಕಾಲ ನೋಡಿ ಬರೆದರೆ ಖಂಡಿತ ಓದುತ್ತೇವೆ. “ಸರಿಯಾಗೇ ಹೇಳಿದಾರೆ,” ಎಂದಳು ಕಾನಿಶಾಯ್. “ಇಷ್ಟು ಬಿಗಿ ಇದಾರೆ ಅಂತಲೇ ಅಲ್ವಾ ನಾನು ಇವರನ್ನ ಆರಿಸಿದ್ದು.”

ಹೀಗೆ ಮೊದಲಿನಿಂದ ಶುರುವಾಯಿತು. ಹೊಸ ಮಕ್ಕಳು, ಹೊಸ ಬೇಸಿಗೆಗಳು, ಅದೇ ಕುದುರೆ. ಆ ನಡುವೆ ಅಕ್ಮಾರಲ್ ಎಂಬ ಹುಡುಗಿ ಮೂರನೆಯ ಸಲ ನಮ್ಮ ಮೇಜಿನ ಮೇಲೆ ಮಲಗಿದಳು. ಅವಳ ಎರಡನೆಯ ಶಸ್ತ್ರಚಿಕಿತ್ಸೆಯಾದದ್ದು ಲೇಖನ ಹಾಳಾದ ಚಳಿಗಾಲದಲ್ಲಿ. ಉಚಿತ ಮಾತ್ರೆ ಇರಲಿಲ್ಲ, ಮನೆಯವರು ಕೊಂಡದ್ದು ಬೇಗ ಮುಗಿಯಿತು. ಅರಿವಳಿಕೆ ಕೊಡುವ ಮೊದಲು ಆ ಮಗು ತಾನೇ ಅಂಗಿಯನ್ನು ಮೇಲೆತ್ತಿ, ಎಲ್ಲಿ ಕೊಯ್ಯಬೇಕೆಂದು ನಮಗೆ ಬೆರಳಿನಿಂದ ತೋರಿಸಿತು. ಪದವಿಗಳನ್ನು ಉಳಿಸಿಕೊಂಡವರು ಆ ಬೆರಳನ್ನು ನೋಡಬೇಕಾಗಿತ್ತು.

ನಾನು ಇದನ್ನು ಬರೆಯುವ ಹೊತ್ತಿಗೆ ಕಾನಿಶಾಯಳ ಹೊಸ ಲೇಖನ ಪರಿಶೀಲಕರಿಂದ ಪ್ರಶ್ನೆಗಳನ್ನು ಹೊತ್ತು ಎರಡನೆಯ ಸಲ ಹಿಂದಿರುಗಿದೆ. ಅವಳು ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದಾಳೆ. ಮಾತ್ರೆ ಇನ್ನೂ ಉಚಿತವಾಗಿಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಹೋದ ಗುಡಾರದ ಹೆಂಗಸು ಸೈರಾ. ಕಾನಿಶಾಯ್ ಹಿಂದಿನ ವರ್ಷ ಅವಳ ಮಗನನ್ನು ಕೊಯ್ದಿದ್ದಳು. ಸೈರಾ ಚರ್ಮದ ಚೀಲದಲ್ಲಿ ಕುದುರೆಯ ಹಾಲನ್ನು ಕಡೆಯುತ್ತಿದ್ದವಳು ಕೋಲನ್ನು ನಿಲ್ಲಿಸಲಿಲ್ಲ.

“ಬಂದ್ರಾ? ನಮ್ಮ ನಾದಿನಿ ಮಗನ ಹೊಟ್ಟೇನೂ ಹೀಗೇ ವರ್ಷಾ ವರ್ಷಾ ಒತ್ತಿ ಒತ್ತಿ ನೋಡಿ ಹೋದ್ರಿ. ಅಚ್ಚಾಗುತ್ತೆ, ಮಾತ್ರೆ ಬರುತ್ತೆ ಅಂದ್ರಿ. ಎಲ್ಲಿ ಬಂತು?”

“ಅಚ್ಚಾಯ್ತು. ಕೆಟ್ಟ ಜಾಗದಲ್ಲಿ ಅಚ್ಚಾಯ್ತು. ಅದಕ್ಕೆ ಬೆಲೆ ಇಲ್ಲ. ಮೊದಲಿಂದ ಮಾಡ್ತಿದೀನಿ.”

“ಕೆಟ್ಟ ಜಾಗದಲ್ಲಿ ಹಾಕ್ಸಿದ್ಯಾರು?”

ನಾನು ಬಾಯಿ ತೆರೆದೆ. ಕಾನಿಶಾಯ್ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಬೇಕಾಯಿತು. ಇಲ್ಲಿ ಆ ನೋಟ ನನ್ನ ಮೇಲಿಲ್ಲ, ಆದ್ದರಿಂದ ಹೆಸರು ಹಿಡಿದೇ ಬರೆದಿದ್ದೇನೆ.

“ಅದರಲ್ಲಿ ನನ್ನ ಹೆಸರೂ ಇದೆ,” ಎಂದಳು ಅವಳು.

“ಇಷ್ಟು ಓದಿದೀರಿ. ಎಲ್ಲಿ ಕೊಡ್ಬೇಕು ಅಂತ ಗೊತ್ತಾಗ್ಲಿಲ್ವಾ ನಿಮಗೆ?”

“ಗೊತ್ತಿತ್ತು.”

ಸೈರಾ ಕೋಲನ್ನು ಚೀಲದೊಳಗೇ ಬಿಟ್ಟು ಅವಳನ್ನು ಮೇಲಿಂದ ಕೆಳಗೆ ಅಳೆದಳು. ಹೊರಗೆ ಕುರಿಮರಿಗಳ ಹಿಂದೆ ಓಡುತ್ತಿದ್ದ ಮಗನನ್ನು ಕೂಗಿ ಕರೆದು, ಚಾಪೆಯ ಮೇಲೆ ಅಂಗಾತ ಮಲಗಿಸಿ, ತಾನೇ ಅವನ ಅಂಗಿಯನ್ನು ಎದೆಯವರೆಗೆ ಸರಿಸಿದಳು.

“ಕೈ ಉಜ್ಕೊಳ್ಳಿ ಮೊದ್ಲು,” ಎಂದಳು ಕಾನಿಶಾಯಳಿಗೆ. “ಮಂಜುಗಡ್ಡೆ ತರ ಇರುತ್ತೆ ನಿಮ್ ಕೈ. ಹೋದ್ ಸಲ ಕಿರುಚ್ಕೊಂಡಿದ್ದ.”